ನಂಬಿಕೆ ಸಾಕು, ಹೊಟ್ಟೆಗೇನು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತ ಸುದ್ದಿಗೆ ತಿರುಗುವ ನಮಗೆ ಕಾಯಕ ದಿನದ ಮಾತು. ಕ್ರೈಸ್ತರಲ್ಲಿ ಮಾತ್ರ, ಮೋಕ್ಷಕ್ಕೆ ನಂಬಿಕೆಯೊಂದೇ ಸಾಕೋ, ಸತ್ಕಾರ್ಯವೂ ಬೇಕೋ ಎಂಬುದೇ ದೊಡ್ಡ ಜಗಳ. 1522ರಲ್ಲಿ ಮಾರ್ಟಿನ್ ಲೂಥರ್ ಬೈಬಲನ್ನು ಜರ್ಮನ್‌ಗೆ ತರುವಾಗ ರೋಮಾಪುರದವರಿಗೆ ಬರೆದ ಪತ್ರದಲ್ಲಿ, ಗ್ರೀಕ್ ಮೂಲದಲ್ಲಿಲ್ಲದ ‘ಮಾತ್ರ’ ಎಂಬ ಪದ ಸೇರಿಸಿದ, ನಂಬಿಕೆ ಮಾತ್ರ! 1547ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಸಭೆ ಅದನ್ನು ತಳ್ಳಿಹಾಕಿತು. ಎರಡೂ ಕಡೆಯವರು ಜಂಟಿ ಘೋಷಣೆಗೆ ಸಹಿ ಹಾಕಿದ್ದು 1999ರಲ್ಲಿ.

ಲೂಥರನ ಮಾತು ನಂಬಿದ್ದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಮತಾಂತರವಾದ ಬಿಲ್ಲವರಿಗೆ ಶೇಂದಿ (ನಮ್ಮ ಕಡೆಯ ಸಿಂದಿ) ಇಳಿಸುವ ಕಸುಬು ಬಿಡಿಸಿತು. ನಂಬಿಕೆಯೊಂದೇ ಸಾಕೆಂದವರು ಕಸುಬನ್ನೂ ತೂಗಿ ನೋಡಿದರು! ಹೀಗೆ ಅನ್ನ ಕಳೆದುಕೊಂಡವರಿಗಾಗಿಯೇ ನೇಯ್ಗೆ ಬಂತು, 1865ರಲ್ಲಿ ಹಂಚಿನ ಕಾರ್ಖಾನೆಯೂ ಬಂತು.