ಕೆಲಸಕ್ಕೆ ಸೇರುವವರು ಕೇಳುವ ಪ್ರಶ್ನೆ

ಸಂದರ್ಶನ ಮುಗಿಯುವಾಗ ಅಭ್ಯರ್ಥಿಯತ್ತ ತಿರುಗಿ ‘ನೀವು ನಮ್ಮನ್ನೇನಾದರೂ ಕೇಳಬೇಕೇ?’ ಎನ್ನುವ ರೂಢಿ ಕರ್ನಾಟಕದಲ್ಲಿ ಈಚಿನದು. ಕೇಳಬೇಕಾದ ಸಂಗತಿಗಳು ಮಾತ್ರ ಹಳೆಯವು: ಸಂಬಳ ಎಷ್ಟು, ಯಾವ ದಿನ ಕೈಗೆ ಬರುತ್ತದೆ, ಎಷ್ಟು ಹೊತ್ತು ದುಡಿಯಬೇಕು, ರಜೆ ಉಂಟೇ, ಬೇಡವೆನಿಸಿದರೆ ಬಿಟ್ಟು ಹೋಗಬಹುದೇ. ಈ ಕೊನೆಯ ಪ್ರಶ್ನೆಯನ್ನು ಕೇಳದೆ ಹಣ ಮುಟ್ಟಿದವರು ಜೈಲು ಕಾಣಬಹುದಾಗಿದ್ದ ಕಾಲವೊಂದಿತ್ತು.

ಕೊಡಗಿನಲ್ಲಿ 1854ರ ನಂತರ ಯುರೋಪಿಯನ್ನರ ಕಾಫಿ ತೋಟಗಳು ಹರಡಿದವು. ಕಾಡು ಕಡಿಯಲು, ಗಿಡ ನೆಡಲು, ಹಣ್ಣು ಕೊಯ್ಯಲು ಆಳುಗಳು ಬಂದದ್ದು ಮೈಸೂರಿನ ಬಯಲುಸೀಮೆ, ದಕ್ಷಿಣ ಕನ್ನಡ ಮತ್ತು ತಮಿಳು ಜಿಲ್ಲೆಗಳಿಂದ. ತೋಟದ ದೊರೆಗೂ ಆಳಿಗೂ ನಡುವೆ ಮೇಸ್ತ್ರಿ ಇದ್ದ. ಅವನು ತೋಟದಿಂದ ಹಣ ಪಡೆದು ಹಳ್ಳಿಗೆ ಹೋಗುತ್ತಿದ್ದ, ಮುಂಗಡ ಹಂಚಿ ಜನರನ್ನು ಹೊರಡಿಸುತ್ತಿದ್ದ, ಅವರ ದುಡಿಮೆಯ ಮೇಲೆ ಕಮಿಷನ್ ಪಡೆಯುತ್ತಿದ್ದ. ಮಳೆ ಕೈಕೊಟ್ಟ ವರ್ಷ ಮುಂಗಡಕ್ಕೆ ಕೈಚಾಚಿದವನಿಗೆ ಚೌಕಾಸಿಯ ಬಲ ಎಲ್ಲಿಂದ ಬರಬೇಕು? ತೋಟ ಎಲ್ಲಿದೆ, ಚಳಿಜ್ವರದ ಸೀಮೆಯೇ, ಲೈನ್ ಮನೆ ಹೇಗಿದೆ ಎಂಬುದಕ್ಕೆಲ್ಲ ಮೇಸ್ತ್ರಿ ಹೇಳಿದ್ದೇ ಉತ್ತರ. ನಿಜವಾದ ಮಾಲೀಕನ ಮುಖ ಕಾಣುವ ಹೊತ್ತಿಗೆ ಆಳು ಆಗಲೇ ಸಾಲಗಾರನಾಗಿರುತ್ತಿದ್ದ.

ಕಾನೂನೂ ಮಾಲೀಕನ ಕಡೆಗೇ ನಿಂತಿತು. ಕೆಲಸದ ಕರಾರು ಮುರಿಯುವುದನ್ನು ಕುರಿತ 1859ರ 13ನೇ ಕಾಯ್ದೆಯಂತೆ, ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಹಣ ಹಿಂದಿರುಗಿಸು, ಇಲ್ಲವೇ ಕೆಲಸ ಮುಗಿಸು ಎಂಬ ಆಜ್ಞೆಯನ್ನು ಮೀರಿದರೆ ಮೂರು ತಿಂಗಳವರೆಗೆ ಸೆರೆ. ಮಾಲೀಕ ಮಾತು ತಪ್ಪಿದರೆ ಇಂಥ ಶಿಕ್ಷೆಯನ್ನು ಅದೇ ಕಾಯ್ದೆ ಹೇಳಲಿಲ್ಲ. ಒಂದು ಪಕ್ಷಕ್ಕೆ ಸೆರೆಮನೆಯ ಭಯವಿರುವಲ್ಲಿ ಕರಾರು ಎಂಬ ಮಾತಿಗೇ ಅರ್ಥ ಉಳಿಯುವುದಿಲ್ಲ. ಕಾಯ್ದೆ ರದ್ದಾದದ್ದು 1925ರಲ್ಲಿ. ಕೊಡಗು 1926ರಲ್ಲಿ ತನ್ನದೇ ಕೂಲಿ ಕಾಯ್ದೆ ಮಾಡಿ ಇನ್ನೂ ಕೆಲವು ವರ್ಷ ಹಳೆಯ ವ್ಯವಸ್ಥೆಯನ್ನು ಉಳಿಸಿಕೊಂಡಿತು.

ಗಿರಣಿ ಮತ್ತು ಗಣಿಗಳಲ್ಲಿಯೂ ನೇಮಕಾತಿ ನಡುವಿನವರ ಕೈಯಲ್ಲೇ ಇತ್ತು. ಕೋಲಾರದ ಚಿನ್ನದ ಗಣಿಗಳಲ್ಲಿ ಗುತ್ತಿಗೆದಾರರು ಆಳು ತರುತ್ತಿದ್ದರು. ಅಲ್ಲಿ ಪ್ರಶ್ನೆಗಳೆಲ್ಲ ಒಂದೇ ದಿಕ್ಕಿನಿಂದ ಬರುತ್ತಿದ್ದವು: 1930ರಲ್ಲಿ ಬೆರಳಚ್ಚು ಪಡೆದು ಕಾರ್ಮಿಕರನ್ನು ನೋಂದಾಯಿಸಲು ಹೊರಟಾಗ, ಇದು ತಮ್ಮನ್ನು ಅಪರಾಧಿಗಳಂತೆ ಕಾಣುವ ಕ್ರಮವೆಂದು ಅವರು ಮುಷ್ಕರ ಹೂಡಿದರು. ಕಾರ್ಮಿಕರ ಸ್ಥಿತಿಗತಿ ಪರಿಶೀಲಿಸಿ ಮರುವರ್ಷ ವರದಿ ಕೊಟ್ಟ ವಿಟ್ಲಿ ಆಯೋಗ, ದೇಶದ ಕಾರ್ಖಾನೆಗಳಲ್ಲಿ ಆಳು ನೇಮಿಸುತ್ತಿದ್ದ ಜಾಬರ್‌ಗಳು ಕೆಲಸಕ್ಕೆ ಲಂಚ ಪಡೆಯುವುದನ್ನು ಟೀಕಿಸಿತು. ನೇಮಕಾತಿಯನ್ನು ಅವರ ಕೈಯಿಂದ ತೆಗೆದು ಲೇಬರ್ ಆಫೀಸರ್‌ಗೆ ಒಪ್ಪಿಸಬೇಕೆಂದಿತು. ಸಂಬಳ ಯಾವಾಗ ಎಂಬ ಪ್ರಶ್ನೆಗೆ 1936ರ ವೇತನ ಪಾವತಿ ಕಾಯ್ದೆ ಗಡುವು ಹಾಕಿತು.

ದೊಡ್ಡ ತಿರುವು ಬಂದದ್ದು 1946ರಲ್ಲಿ. ಕಾರ್ಖಾನೆಯ ಮಂದಿ ‘ಸ್ಟ್ಯಾಂಡಿಂಗ್ ಆರ್ಡರ್’ ಎಂದೇ ಕರೆಯುವ ಸ್ಥಾಯಿ ಆದೇಶಗಳ ಕಾಯ್ದೆ, ನೂರು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ತಮ್ಮ ನಿಯಮಗಳನ್ನು ಬರೆದು ಸರ್ಕಾರಿ ಅಧಿಕಾರಿಯಿಂದ ಪ್ರಮಾಣೀಕರಿಸಿಕೊಳ್ಳಬೇಕೆಂದಿತು. ಕಾಯಂ ಯಾರು, ಬದಲಿ ಯಾರು, ಪ್ರೊಬೇಷನ್ ಎಂದರೇನು, ಪಾಳಿ, ಸಂಬಳದ ದಿನ, ತಡವಾಗಿ ಬಂದರೆ ಏನು, ರಜೆ ಕೇಳುವ ಬಗೆ, ನೋಟಿಸ್, ದುರ್ನಡತೆ, ದೂರು ಯಾರಿಗೆ ಕೊಡಬೇಕು, ಎಲ್ಲವೂ ಆ ನಿಯಮಗಳಲ್ಲಿ ಇರಬೇಕಿತ್ತು. ಅವನ್ನು ಇಂಗ್ಲಿಷಿನಲ್ಲಿಯೂ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಫಲಕದ ಮೇಲೆ ಹಾಕಬೇಕಿತ್ತು. ಆ ಫಲಕ ಹೆಚ್ಚಿನವರು ಒಳಬರುವ ಬಾಗಿಲ ಬಳಿ ಇರಬೇಕಿತ್ತು. ಸ್ವಾತಂತ್ರ್ಯದ ನಂತರ ಬೆಂಗಳೂರಿನಲ್ಲಿ ಐಟಿಐ, ಎಚ್‌ಎಂಟಿ, ಬಿಇಎಲ್ ಎದ್ದು ನಿಂತದ್ದು ಈ ಕಾಯ್ದೆಯ ಕಾಲದಲ್ಲಿ. ಮೇಸ್ತ್ರಿಯ ಬಾಯಿಮಾತಿನಲ್ಲಿದ್ದ ಉತ್ತರ ಗೋಡೆಯ ಮೇಲೆ ಅಕ್ಷರವಾಯಿತು. ಬಾಯಿಬಿಟ್ಟು ಕೇಳಲು ಹೆದರುವವನಿಗೂ ಅದು ದಕ್ಕಿತು. ಕಾರ್ಮಿಕ ಕಾನೂನಿನ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಸಾಫ್ಟ್‌ವೇರ್ ಕಂಪನಿಗಳು ಬಂದ ಮೇಲೆ ಫಲಕ ಹಿಂದೆ ಸರಿಯಿತು. ಕರ್ನಾಟಕ ಸರ್ಕಾರ ಐಟಿ ವಲಯಕ್ಕೆ ಸ್ಥಾಯಿ ಆದೇಶಗಳಿಂದ ವಿನಾಯಿತಿ ನೀಡಿತು. 2014ರಲ್ಲಿ ಐದು ವರ್ಷಕ್ಕೆ ಕೊಟ್ಟಾಗ ಕುಂದುಕೊರತೆ ಸಮಿತಿ, ಲೈಂಗಿಕ ಕಿರುಕುಳ ತಡೆಯುವ ಸಮಿತಿ ಇರಬೇಕೆಂಬ ಷರತ್ತು ಹಾಕಿತು. ಮುಂದೆಯೂ ವಿನಾಯಿತಿ ಮುಂದುವರಿಯಿತು. ಹೀಗಾಗಿ ಇಲ್ಲಿ ನಿಯಮ ತಿಳಿಯುವ ದಾರಿ ಎರಡೇ: ಆಫರ್ ಲೆಟರಿನ ಪುಟಗಳು ಮತ್ತು ಸಂದರ್ಶನದ ಕೊನೆಯ ಐದು ನಿಮಿಷ. ತಂಡದಲ್ಲಿ ಎಷ್ಟು ಜನ, ಪ್ರಾಜೆಕ್ಟ್ ಯಾವುದು, ಬಡ್ತಿಯನ್ನು ಹೇಗೆ ಅಳೆಯುತ್ತೀರಿ ಎಂದು ಅಭ್ಯರ್ಥಿಗಳು ಕೇಳುತ್ತಾರೆ. ನೋಟಿಸ್ ಅವಧಿ ಮೂರು ತಿಂಗಳೇ, ಬಾಂಡ್ ಇದೆಯೇ, ಮೂಲ ಅಂಕಪಟ್ಟಿಯನ್ನು ಕಂಪನಿಯೇ ಇಟ್ಟುಕೊಳ್ಳುತ್ತದೆಯೇ, ರಾತ್ರಿ ಪಾಳಿಗೆ ಗಾಡಿ ಕಳಿಸುತ್ತದೆಯೇ ಎಂದು ಕೇಳಲು ಮೊದಲ ಕೆಲಸ ಹುಡುಕುವವರು ಇಂದಿಗೂ ಅಳುಕುತ್ತಾರೆ. ಬಿಟ್ಟು ಹೋಗಬಹುದೇ ಎಂಬ ತೋಟದ ಆಳಿನ ಪ್ರಶ್ನೆಯೇ ಬಾಂಡ್ ಮತ್ತು ನೋಟಿಸಿನಲ್ಲಿ ಉಳಿದುಕೊಂಡಿದೆ.

2020ರಲ್ಲಿ ಸಂಸತ್ತು ಒಪ್ಪಿದ ಕಾರ್ಮಿಕ ಸಂಹಿತೆಗಳಲ್ಲಿ ಎರಡು ಈ ಪ್ರಶ್ನೆಗಳಿಗೆ ಸಂಬಂಧಿಸಿವೆ. ಕೈಗಾರಿಕಾ ಸಂಬಂಧಗಳ ಸಂಹಿತೆ ಸ್ಥಾಯಿ ಆದೇಶಗಳ ಮಿತಿಯನ್ನು ಮುನ್ನೂರು ಕೆಲಸಗಾರರಿಗೆ ಏರಿಸಿತು. ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ ತನ್ನ ವ್ಯಾಪ್ತಿಯ ಮಾಲೀಕರು ಪ್ರತಿಯೊಬ್ಬ ಉದ್ಯೋಗಿಗೂ ನೇಮಕಾತಿ ಪತ್ರ ಕೊಡಬೇಕೆಂದಿತು.