ತಪ್ಪು ಹುಡುಕುವ ವಿದ್ಯೆ: ತಂತ್ರಾಂಶ ಪರೀಕ್ಷೆ ನಡೆದುಬಂದ ದಾರಿ

ಪ್ರಾಥಮಿಕ ಶಾಲೆಯಲ್ಲಿ ಕೂಡುವ ಲೆಕ್ಕ ಮಾಡುವಾಗ ಅಂಕಿಗಳ ಮೇಲುಗಡೆ ಸಣ್ಣದಾಗಿ ದಶಕ ಬರೆದುಕೊಳ್ಳುತ್ತಿದ್ದೆವು. ಉತ್ತರ ತಪ್ಪಾದರೆ ಮೇಷ್ಟ್ರು ಆ ದಶಕಗಳನ್ನು ನೋಡಿ, ಯಾವ ಸ್ಥಾನದಲ್ಲಿ ಎಡವಿದ್ದೇವೆಂದು ಬೆರಳಿಟ್ಟು ತೋರಿಸುತ್ತಿದ್ದರು. 1949ರ ಜೂನ್‌ನಲ್ಲಿ ಕೇಂಬ್ರಿಡ್ಜ್‌ನ ಸಮ್ಮೇಳನವೊಂದರಲ್ಲಿ ಅಲನ್ ಟ್ಯೂರಿಂಗ್ ಮಂಡಿಸಿದ ಮೂರು ಪುಟದ ಪ್ರಬಂಧ ಹಿಡಿದುಕೊಂಡದ್ದು ಇದೇ ಉದಾಹರಣೆಯನ್ನು. ಬರೀ ಸಂಖ್ಯೆಗಳು ಮತ್ತು ಮೊತ್ತ ಇದ್ದರೆ ಸರಿ ನೋಡುವವನು ಇಡೀ ಲೆಕ್ಕವನ್ನು ಮತ್ತೆ ಮಾಡಬೇಕು; ದಶಕಗಳನ್ನೂ ಬರೆದಿಟ್ಟಿದ್ದರೆ ಒಂದೊಂದು ಸ್ಥಾನವನ್ನು ಬಿಡಿಬಿಡಿಯಾಗಿ ನೋಡಬಹುದು. ಹಾಗೆಯೇ ಪ್ರೋಗ್ರಾಂ ಬರೆದವನು ಅಲ್ಲಲ್ಲಿ ‘ಈ ಹಂತಕ್ಕೆ ಬಂದಾಗ ಇದು ಸತ್ಯವಾಗಿರಬೇಕು’ ಎಂದು ಬರೆದಿಟ್ಟರೆ, ಸರಿ ನೋಡುವ ಕೆಲಸವನ್ನು ಇನ್ನೊಬ್ಬರು ಮಾಡಬಹುದು ಎಂದರು ಟ್ಯೂರಿಂಗ್.

ಒಂದು ಪ್ರೋಗ್ರಾಂ ಸರಿಯಿದೆ ಎಂದು ನಮಗೆ ಗೊತ್ತಾಗುವುದು ಹೇಗೆ? ಮುಂದಿನ ಮುಕ್ಕಾಲು ಶತಮಾನದಲ್ಲಿ ತಂತ್ರಾಂಶ ಪರೀಕ್ಷೆಯ ಕ್ಷೇತ್ರ ಬೆಳೆದದ್ದೆಲ್ಲ ಈ ಒಂದು ಪ್ರಶ್ನೆಯ ಸುತ್ತ. ಈ ದಾರಿಯಲ್ಲಿ ಸಿಗುವ ಪ್ರತಿಯೊಂದು ವಿಧಾನದ ಹಿಂದೆ, ಪ್ರತಿಯೊಂದು ಮಾನದಂಡದ ಹಿಂದೆ, ಯಾರೋ ಎಲ್ಲೋ ಎಡವಿದ ನೆನಪು ಇದೆ.

ಪತಂಗದಿಂದ ತ್ರಿಕೋನದವರೆಗೆ

1947ರ ಸೆಪ್ಟೆಂಬರ್‌ನಲ್ಲಿ ಹಾರ್ವರ್ಡ್‌ನ ಮಾರ್ಕ್–2 ಯಂತ್ರದ ರಿಲೇಯಲ್ಲಿ ಸಿಕ್ಕಿಕೊಂಡಿದ್ದ ಪತಂಗವೊಂದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಅಂಟಿಸಿದರು. ‘ಬಗ್’ ಎಂಬ ಮಾತು ಎಂಜಿನಿಯರುಗಳ ಬಾಯಲ್ಲಿ ಎಡಿಸನ್ ಕಾಲದಿಂದಲೂ ಇತ್ತು; ಆ ಯಂತ್ರದ ತಂಡದಲ್ಲಿದ್ದ ಗ್ರೇಸ್ ಹಾಪರ್ ಮತ್ತೆ ಮತ್ತೆ ಹೇಳಿದ ಈ ಪ್ರಸಂಗದಿಂದ ಅದು ಕಂಪ್ಯೂಟರ್ ಜಗತ್ತಿನಲ್ಲಿ ಗಟ್ಟಿಯಾಗಿ ನೆಲೆಯೂರಿತು. ಆ ದಿನಗಳಲ್ಲಿ ಪರೀಕ್ಷೆಗೆ ಬೇರೆ ಹೆಸರಿರಲಿಲ್ಲ. ಬರೆದವನೇ ಓಡಿಸಿ ನೋಡುತ್ತಿದ್ದ, ಕೆಟ್ಟರೆ ಸರಿಪಡಿಸುತ್ತಿದ್ದ. 1957ರಲ್ಲಿ ಚಾರ್ಲ್ಸ್ ಬೇಕರ್ ಪುಸ್ತಕ ವಿಮರ್ಶೆಯೊಂದರಲ್ಲಿ ಈ ಎರಡನ್ನು ಬೇರ್ಪಡಿಸಿದರು: ಪ್ರೋಗ್ರಾಂ ಓಡುವಂತೆ ಮಾಡುವುದು ಡಿಬಗ್ಗಿಂಗ್, ಅದು ಕೊಟ್ಟ ಸಮಸ್ಯೆಯನ್ನು ನಿಜವಾಗಿ ಬಿಡಿಸುತ್ತದೆಯೇ ಎಂದು ನೋಡುವುದು ಟೆಸ್ಟಿಂಗ್.

ಅರವತ್ತರ ದಶಕದಲ್ಲಿ ಪ್ರೋಗ್ರಾಂಗಳು ಒಬ್ಬರ ತಲೆಯಲ್ಲಿ ಹಿಡಿಸದಷ್ಟು ಬೆಳೆದವು. 1962ರ ಜುಲೈಯಲ್ಲಿ ಶುಕ್ರ ಗ್ರಹಕ್ಕೆ ಹೊರಟ ಮ್ಯಾರಿನರ್–1 ನೌಕೆಯನ್ನು ಹಾರಿದ ಐದು ನಿಮಿಷದೊಳಗೆ ನಾಶಪಡಿಸಬೇಕಾಯಿತು. ಹಾರುವ ದಾರಿಯನ್ನು ನಿರ್ದೇಶಿಸುವ ಸೂತ್ರವನ್ನು ಕೋಡ್‌ಗೆ ಇಳಿಸುವಾಗ ಬಿಟ್ಟುಹೋದ ಒಂದು ಸಣ್ಣ ಚಿಹ್ನೆ ಅದಕ್ಕೆ ಒಂದು ಕಾರಣವಾಗಿತ್ತು. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನೇಟೊ ಕರೆದ ಸಮ್ಮೇಳನದಲ್ಲಿ ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಎಂಬ ಹೆಸರು ಚಲಾವಣೆಗೆ ಬಂತು. ಸೇತುವೆ ಕಟ್ಟುವವರ ಶಿಸ್ತು ಕೋಡ್ ಬರೆಯುವವರಿಗೂ ಬೇಕು ಎಂಬುದು ಅದರ ಆಶಯ. ಮರುವರ್ಷ ರೋಮ್‌ನಲ್ಲಿ ಕಂಪ್ಯೂಟರ್ ವಿಜ್ಞಾನಿ ಎಡ್ಸ್ಗರ್ ಡೈಕ್‌ಸ್ಟ್ರಾ ಹೇಳಿದ ಮಾತು ಈ ಕ್ಷೇತ್ರದ ಮಿತಿಯನ್ನು ಶಾಶ್ವತವಾಗಿ ಗುರುತಿಸಿತು: ತಪ್ಪು ಇದೆ ಎಂದು ಪರೀಕ್ಷೆ ತೋರಿಸಬಲ್ಲದು, ಇಲ್ಲ ಎಂದು ತೋರಿಸಲಾರದು.

ಹಾಗಿದ್ದರೆ ಪರೀಕ್ಷೆ ಏಕೆ? ಇದಕ್ಕೆ ಸಮರ್ಥ ಉತ್ತರ ಕೊಟ್ಟವರು ಗ್ಲೆನ್‌ಫರ್ಡ್ ಮೈಯರ್ಸ್. 1979ರ ತಮ್ಮ ಪುಸ್ತಕದಲ್ಲಿ ಅವರು ಪರೀಕ್ಷೆಯ ಉದ್ದೇಶವನ್ನೇ ತಿರುಗಿಸಿಟ್ಟರು. ಪ್ರೋಗ್ರಾಂ ಸರಿಯಿದೆ ಎಂದು ತೋರಿಸಲು ಹೊರಟವನ ಕೈ ತಾನಾಗಿಯೇ ಸಲೀಸಾದ ಉದಾಹರಣೆಗಳತ್ತ ಹೋಗುತ್ತದೆ. ಆದ್ದರಿಂದ ತಪ್ಪು ಹುಡುಕುವ ಉದ್ದೇಶದಿಂದಲೇ ಕೂರಬೇಕು ಎಂದರು. ಪುಸ್ತಕದ ಮೊದಲಿಗೇ ಓದುಗರಿಗೊಂದು ಸವಾಲಿದೆ. ಮೂರು ಪೂರ್ಣಾಂಕಗಳನ್ನು ಬಾಹುಗಳ ಅಳತೆಯಾಗಿ ತೆಗೆದುಕೊಂಡು ತ್ರಿಕೋನ ಸಮಬಾಹುವೋ, ಸಮದ್ವಿಬಾಹುವೋ, ವಿಷಮಬಾಹುವೋ ಎಂದು ಹೇಳುವ ಪ್ರೋಗ್ರಾಂ ಇದೆ. ಇದನ್ನು ಪರೀಕ್ಷಿಸಲು ಯಾವ ಯಾವ ಸಂಖ್ಯೆ ಕೊಡುತ್ತೀರಿ? 3, 4, 5 ಎಲ್ಲರಿಗೂ ಹೊಳೆಯುತ್ತದೆ. 1, 2, 3 ಕೊಟ್ಟರೆ? ಎರಡು ಬಾಹುಗಳ ಮೊತ್ತ ಮೂರನೆಯದಕ್ಕೆ ಸಮವಾದರೆ ತ್ರಿಕೋನವೇ ಆಗುವುದಿಲ್ಲ. ಅದೇ ಮೂರು ಸಂಖ್ಯೆಗಳ ಕ್ರಮ ಬದಲಿಸಿದರೆ? ಸೊನ್ನೆ ಕೊಟ್ಟರೆ? ಋಣ ಸಂಖ್ಯೆ ಕೊಟ್ಟರೆ? ಮೂರರ ಬದಲು ಎರಡೇ ಸಂಖ್ಯೆ ಕೊಟ್ಟರೆ? ಮೈಯರ್ಸ್ ಪಟ್ಟಿಯಲ್ಲಿ ಹೀಗೆ 14 ಅಂಶಗಳಿವೆ. ಅನುಭವಿ ಪ್ರೋಗ್ರಾಮರುಗಳಿಗೂ ಸರಾಸರಿ 7.8 ಮಾತ್ರ ಹೊಳೆಯುತ್ತಿದ್ದವು ಎಂದು ಅವರು ಬರೆದಿದ್ದಾರೆ. ಟೆಸ್ಟರುಗಳು ಇಂದಿಗೂ ದಿನನಿತ್ಯ ಬಳಸುವ ಎಲ್ಲೆ ಪರೀಕ್ಷೆ (ಮತದಾನದ ವಯಸ್ಸು 18 ಎಂದರೆ 17, 18, 19 ಮೂರನ್ನೂ ಕೊಟ್ಟು ನೋಡುವುದು) ಜನಪ್ರಿಯವಾದದ್ದು ಈ ಪುಸ್ತಕದಿಂದ.

ಇನ್ನೊಬ್ಬರ ಕಣ್ಣು

ತನ್ನ ಬರಹದ ಕಾಗುಣಿತ ತಪ್ಪು ತನಗೇ ಕಾಣುವುದಿಲ್ಲ. ಪ್ರೆಸ್ಸಿನಲ್ಲಿ ಕರಡು ತಿದ್ದಲು ಬೇರೊಬ್ಬರು ಕೂರುವುದು ಅದಕ್ಕೇ. 1976ರಲ್ಲಿ ಐಬಿಎಂನ ಮೈಕೆಲ್ ಫೇಗನ್ ಇದನ್ನೇ ಕೋಡ್‌ಗೆ ತಂದರು. ಬರೆದವರು, ಓದಿ ಹೇಳುವವರು, ಪರೀಕ್ಷಕರು, ಸಭೆ ನಡೆಸುವವರು ಹೀಗೆ ಪಾತ್ರ ಹಂಚಿಕೊಂಡು, ಕಂಪ್ಯೂಟರಿನಲ್ಲಿ ಓಡಿಸುವ ಮೊದಲೇ ವಿನ್ಯಾಸವನ್ನೂ ಕೋಡನ್ನೂ ಸಾಲುಸಾಲಾಗಿ ಓದುವ ಪದ್ಧತಿ ಅದು. ತಪ್ಪು ಎಷ್ಟು ಬೇಗ ಸಿಕ್ಕರೆ ಅದನ್ನು ಸರಿಪಡಿಸುವ ಖರ್ಚು ಅಷ್ಟು ಕಡಿಮೆ ಎಂಬುದು ಕಣ್ಣಿಗೆ ಕಾಣುವಂತಾಯಿತು. 1983ರಲ್ಲಿ ಬಂದ ಐಇಇಇ 829 ಮಾನದಂಡ ಪರೀಕ್ಷಾ ಯೋಜನೆಯಿಂದ ಸಾರಾಂಶ ವರದಿಯವರೆಗೆ ಎಂಟು ಬಗೆಯ ದಾಖಲೆಗಳನ್ನು ಗೊತ್ತುಮಾಡಿತು. ಏನನ್ನು ಪರೀಕ್ಷಿಸಿದೆವು, ಏನನ್ನು ಬಿಟ್ಟೆವು, ಏನು ಸಿಕ್ಕಿತು ಎಂಬುದು ಒಬ್ಬರ ನೆನಪಿನಿಂದ ಸಂಸ್ಥೆಯ ಕಡತಕ್ಕೆ ಬಂತು.

ಟೈಲರ್‌ನ ಎಂಟು ಸೆಕೆಂಡು

ಕಡತ ಇದ್ದರೂ ಸಾಲದು ಎಂದು ಕಲಿಸಿದ್ದು ಥೆರಾಕ್–25 ಎಂಬ ವಿಕಿರಣ ಚಿಕಿತ್ಸಾ ಯಂತ್ರ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ರೋಗಿಗಳಿಗೆ ಅದು ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ವಿಕಿರಣ ಹಾಯಿಸಿತು. ಕೆಲವರು ಪ್ರಾಣ ಕಳೆದುಕೊಂಡರು. ಹಳೆಯ ಮಾದರಿಯಲ್ಲಿದ್ದ ಯಾಂತ್ರಿಕ ರಕ್ಷಣೆಗಳನ್ನು ತೆಗೆದು, ಆ ಹೊಣೆಯನ್ನು ತಂತ್ರಾಂಶಕ್ಕೆ ವಹಿಸಿದ್ದರು.

1986ರಲ್ಲಿ ಟೆಕ್ಸಾಸ್‌ನ ಟೈಲರ್ ಊರಿನಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡಬೇಕು. ಯಂತ್ರ ನಡೆಸುವಾಕೆ ಎಲೆಕ್ಟ್ರಾನ್ ಚಿಕಿತ್ಸೆಗೆ ‘ಇ’ ಒತ್ತುವ ಬದಲು ಎಕ್ಸ್–ರೇಯ ‘ಎಕ್ಸ್’ ಒತ್ತಿದರು. ತಪ್ಪು ತಿಳಿದ ಕೂಡಲೇ ಕರ್ಸರನ್ನು ಮೇಲಕ್ಕೆ ಒಯ್ದು ತಿದ್ದಿ, ಉಳಿದದ್ದನ್ನೆಲ್ಲ ಸರಸರನೆ ಒಪ್ಪಿ ಮುಂದೆ ಹೋದರು. ದಿನವೂ ಮಾಡುವ ಕೆಲಸ, ಬೆರಳು ಪಳಗಿತ್ತು. ಯಂತ್ರದೊಳಗಿನ ಅಯಸ್ಕಾಂತಗಳು ಹೊಂದಿಕೊಳ್ಳಲು ಸುಮಾರು ಎಂಟು ಸೆಕೆಂಡು ಬೇಕಿತ್ತು. ಅಷ್ಟರೊಳಗೆ ಮಾಡಿದ ತಿದ್ದುಪಡಿ ಪ್ರೋಗ್ರಾಂನ ಒಂದು ಭಾಗಕ್ಕೆ ತಿಳಿಯಲೇ ಇಲ್ಲ. ಪರದೆಯ ಮೇಲೆ ಬಂದದ್ದು ಅರ್ಥವಾಗದ ಒಂದು ಸಂದೇಶ: ದೋಷ 54. ಆಸ್ಪತ್ರೆಯ ಭೌತವಿಜ್ಞಾನಿ ಮತ್ತು ಆಕೆ ಜೊತೆಯಾಗಿ ಕೂತು, ಅಂದು ಒತ್ತಿದ್ದನ್ನೆಲ್ಲ ಮತ್ತೆ ಮತ್ತೆ ಒತ್ತಿ ನೋಡಿದರು. ವೇಗವಾಗಿ ತಿದ್ದಿದಾಗ ಮಾತ್ರ ದೋಷ 54 ಮರುಕಳಿಸುತ್ತದೆ ಎಂದು ಕೊನೆಗೆ ಪತ್ತೆಯಾಯಿತು. ನಿಧಾನವಾಗಿ ಕೀಲಿ ಒತ್ತುವವರಿಗೆ ಈ ತಪ್ಪು ಎಂದೂ ಸಿಗುತ್ತಿರಲಿಲ್ಲ. ನಿಜವಾದ ಬಳಕೆದಾರರ ಕೈ ಹೇಗೆ ಓಡುತ್ತದೆ ಎಂದು ತಿಳಿಯದೆ ಮಾಡಿದ ಪರೀಕ್ಷೆ ಅರ್ಧ ಪರೀಕ್ಷೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಹತ್ತು ವರ್ಷದ ಬಳಿಕ, 1996ರ ಜೂನ್ 4ರಂದು, ಯುರೋಪಿನ ಏರಿಯನ್–5 ರಾಕೆಟ್ ಹಾರಿದ ಸುಮಾರು 40 ಸೆಕೆಂಡಿಗೆ ಛಿದ್ರವಾಯಿತು. ಏರಿಯನ್–4ರಲ್ಲಿ ವರ್ಷಗಟ್ಟಲೆ ಸರಿಯಾಗಿ ನಡೆದಿದ್ದ ಕೋಡನ್ನೇ ಹೊಸ ರಾಕೆಟ್‌ಗೂ ಹಾಕಿದ್ದರು. ಹೊಸದರ ವೇಗ ಹೆಚ್ಚು. 64 ಬಿಟ್‌ನ ಸಂಖ್ಯೆಯೊಂದನ್ನು 32,767ಕ್ಕಿಂತ ದೊಡ್ಡದು ಹಿಡಿಸದ 16 ಬಿಟ್‌ನ ಜಾಗಕ್ಕೆ ಇಳಿಸುವಾಗ ಲೆಕ್ಕ ತುಂಬಿ ಹರಿಯಿತು. ಆಪತ್ಕಾಲಕ್ಕೆಂದು ಇಟ್ಟಿದ್ದ ಎರಡನೇ ಘಟಕದಲ್ಲೂ ಅದೇ ಕೋಡ್ ಇದ್ದುದರಿಂದ ಅದೂ ಹಾಗೆಯೇ ಕೈಕೊಟ್ಟಿತು.

ಜೀವಕ್ಕೆ ಸಂಬಂಧಿಸಿದ ತಂತ್ರಾಂಶಕ್ಕೆ ಪ್ರತ್ಯೇಕ ಮಾನದಂಡಗಳು ಬೆಳೆದದ್ದು ಇಂಥ ಪಾಠಗಳಿಂದ. ವೈದ್ಯಕೀಯ ಉಪಕರಣಗಳಿಗೆ ಐಇಸಿ 62304, ಕಾರುಗಳಿಗೆ ಐಎಸ್‌ಒ 26262, ವಿಮಾನಗಳಿಗೆ ಡಿಒ–178 ಬಂದವು. ಕೆಟ್ಟರೆ ವಿಮಾನವೇ ಬೀಳುವಂಥ ಕೋಡ್‌ಗೆ ಡಿಒ–178 ವಿಧಿಸುವ ಶಿಸ್ತು ಅತಿ ಕಠಿಣ: ಪ್ರತಿ ನಿರ್ಧಾರದೊಳಗಿನ ಪ್ರತಿ ಷರತ್ತೂ ತಾನೊಂದೇ ಫಲಿತಾಂಶವನ್ನು ಬದಲಿಸಬಲ್ಲದು ಎಂದು ಪರೀಕ್ಷೆಯಿಂದ ತೋರಿಸಬೇಕು. ಈ ಬಗೆಯ ಕಠಿಣ ಕೆಲಸ ಬೆಂಗಳೂರಿಗೂ ಹೊಸದಲ್ಲ. ಕಂಪ್ಯೂಟರಿನ ನೆರವಿಲ್ಲದೆ ಸ್ಥಿರವಾಗಿ ಹಾರಲಾರದ ತೇಜಸ್ ಯುದ್ಧವಿಮಾನ 2001ರ ಜನವರಿ 4ರಂದು ಇಲ್ಲಿ ಮೊದಲ ಬಾರಿ ನೆಲ ಬಿಡುವ ಮುನ್ನ, ಅದರ ಹಾರಾಟ ನಿಯಂತ್ರಣ ತಂತ್ರಾಂಶವನ್ನು ನೆಲದ ಮೇಲಿನ ಪರೀಕ್ಷಾ ವ್ಯವಸ್ಥೆಗಳಲ್ಲಿ ವರ್ಷಗಟ್ಟಲೆ ಜಾಲಾಡಿದ್ದರು.

ಐದು ಮೆಟ್ಟಿಲು

ಎಂಬತ್ತರ ದಶಕದ ಕೊನೆಗೆ ಪ್ರಶ್ನೆ ಇನ್ನೊಂದು ದಿಕ್ಕಿಗೆ ಹೊರಳಿತು. ಕೊನೆಯಲ್ಲಿ ತಪ್ಪು ಹುಡುಕುವುದಕ್ಕಿಂತ, ತಪ್ಪು ಹುಟ್ಟದಂತೆ ಕೆಲಸದ ಕ್ರಮವನ್ನೇ ಸರಿಪಡಿಸಬಹುದಲ್ಲವೇ? 1987ರಲ್ಲಿ ಗುಣಮಟ್ಟ ನಿರ್ವಹಣೆಯ ಮಾನದಂಡ ಐಎಸ್‌ಒ 9001 ಬಂತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ವಾಟ್ಸ್ ಹಂಫ್ರಿ ಹಾಕಿದ ತಳಹದಿಯ ಮೇಲೆ 1991ರಲ್ಲಿ ಸಿಎಂಎಂ ಎಂಬ ಐದು ಮೆಟ್ಟಿಲಿನ ಮಾದರಿ ಸಿದ್ಧವಾಯಿತು. ಕೆಲಸವೆಲ್ಲ ವ್ಯಕ್ತಿಗಳ ಸಾಹಸದ ಮೇಲೆ ನಿಂತಿರುವುದು ಮೊದಲ ಮೆಟ್ಟಿಲು. ತನ್ನ ಅಂಕಿ–ಅಂಶ ನೋಡಿಕೊಂಡು ಸಂಸ್ಥೆ ನಿರಂತರ ತಿದ್ದಿಕೊಳ್ಳುವುದು ಐದನೆಯದು.

ಕರ್ನಾಟಕ ಈ ಕಥೆಯ ನಡುಮನೆಗೆ ಬರುವುದು ಇಲ್ಲಿ. ಬೆಂಗಳೂರಿನ ಮೊಟೊರೊಲಾ ಘಟಕ 1993ರಲ್ಲೇ ಐದನೇ ಮೆಟ್ಟಿಲೇರಿತು. ಜಗತ್ತಿನಲ್ಲಿ ಆಗ ಅಲ್ಲಿಗೆ ತಲುಪಿದವರು ಬೆರಳೆಣಿಕೆಯಷ್ಟು. ತೊಂಬತ್ತರ ದಶಕ ಮುಗಿಯುವಷ್ಟರಲ್ಲಿ ವಿಪ್ರೊ, ಇನ್ಫೊಸಿಸ್ ಕೂಡ ಅದೇ ಮಟ್ಟದಲ್ಲಿದ್ದವು. ಕಾಣದ ಊರಿನ ಕಾಣದ ಜನರ ಕೈಗೆ ಕೆಲಸ ಒಪ್ಪಿಸಲು ಹಿಂಜರಿಯುತ್ತಿದ್ದ ಗ್ರಾಹಕರಿಗೆ ಈ ಪ್ರಮಾಣಪತ್ರ ಪರಿಚಯದ ಪತ್ರವಾಯಿತು. ಅದೇ ಕಾಲಕ್ಕೆ ಬಂದ ಎರಡು ಸಾವಿರದ ಇಸವಿಯ ಸಮಸ್ಯೆ, ಎರಡೇ ಅಂಕಿಯಲ್ಲಿ ವರ್ಷ ಬರೆದಿದ್ದ ಹಳೆಯ ಕೋಬಾಲ್ ಪ್ರೋಗ್ರಾಂಗಳನ್ನು ತಿದ್ದಿ ಪರೀಕ್ಷಿಸುವ ಅಪಾರ ಕೆಲಸವನ್ನು ಇಲ್ಲಿಗೆ ತಂದಿತು. ಟೆಸ್ಟಿಂಗ್ ಎಂಬುದು ಸಾವಿರಾರು ಯುವಕ ಯುವತಿಯರಿಗೆ ಮೊದಲ ನೌಕರಿಯಾಯಿತು.

ಉತ್ಪನ್ನದ ಗುಣವನ್ನೇ ಹೆಸರಿಸುವ ಪ್ರಯತ್ನವೂ ಜೊತೆಗೆ ನಡೆಯಿತು. 1991ರ ಐಎಸ್‌ಒ 9126 ಗುಣಮಟ್ಟವನ್ನು ಆರು ಲಕ್ಷಣಗಳಾಗಿ ಬಿಡಿಸಿತು. 2011ರಲ್ಲಿ ಅದರ ಜಾಗಕ್ಕೆ ಬಂದ 25010 ಎಂಟು ಲಕ್ಷಣ ಹೇಳಿ, ಮಾಹಿತಿಯ ಭದ್ರತೆಗೆ ಸ್ವತಂತ್ರ ಸ್ಥಾನ ಕೊಟ್ಟಿತು. 2023ರ ಪರಿಷ್ಕರಣೆಯಲ್ಲಿ ಜೀವದ ಸುರಕ್ಷತೆಯೂ ಸೇರಿ ಒಂಬತ್ತಾಯಿತು. ಪಟ್ಟಿ ಬೆಳೆದಂತೆ ತಂತ್ರಾಂಶ ನಮ್ಮ ಬದುಕಿನೊಳಗೆ ಎಷ್ಟು ದೂರ ಬಂದಿದೆ ಎಂಬುದೂ ಕಾಣುತ್ತದೆ.

ಯಂತ್ರಕ್ಕೆ ಯಂತ್ರವೇ ಪರೀಕ್ಷಕ

1997ರಲ್ಲಿ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ವಿಮಾನದಲ್ಲಿ ಹೋಗುತ್ತ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಜೆಯುನಿಟ್ ಎಂಬ ಪುಟ್ಟ ಸಾಧನ ಬರೆದರು. ಕೋಡ್ ಬರೆಯುವವರೇ ಅದರ ಪಕ್ಕದಲ್ಲಿ ಪರೀಕ್ಷೆಯನ್ನೂ ಬರೆದಿಟ್ಟು, ಪ್ರತಿ ಬದಲಾವಣೆಯ ನಂತರ ಕ್ಷಣದಲ್ಲಿ ಓಡಿಸಿ ನೋಡುವುದು ಇದರಿಂದ ಸುಲಭವಾಯಿತು. ಪರೀಕ್ಷೆಯನ್ನು ಮೊದಲು ಬರೆದು ಕೋಡನ್ನು ಆಮೇಲೆ ಬರೆಯುವ ಪದ್ಧತಿಯೂ ಹಬ್ಬಿತು. 2001ರಲ್ಲಿ ಯೂಟಾದಲ್ಲಿ 17 ಮಂದಿ ಸೇರಿ ಹೊರಡಿಸಿದ, ತಂತ್ರಾಂಶವನ್ನು ಆಗಾಗ ಬಿಡುಗಡೆ ಮಾಡಬೇಕೆನ್ನುವ ಅಜೈಲ್ ಘೋಷಣೆಯ ಬಳಿಕ ವರ್ಷಕ್ಕೊಂದು ರಿಲೀಸ್ ಇದ್ದದ್ದು ವಾರಕ್ಕೊಂದಾಯಿತು, ದಿನಕ್ಕೆ ಹಲವಾಯಿತು. 2004ರಲ್ಲಿ ಹುಟ್ಟಿದ ಸೆಲೆನಿಯಂ, ಮನುಷ್ಯರು ಕೂತು ಒತ್ತುತ್ತಿದ್ದ ಗುಂಡಿಗಳನ್ನು ಬ್ರೌಸರಿನಲ್ಲಿ ತಾನೇ ಒತ್ತಿತು.

ಇನ್ನೊಂದು ದಾರಿ ತೆರೆದದ್ದು ಆಕಸ್ಮಿಕವಾಗಿ. 1988ರಲ್ಲಿ ವಿಸ್ಕಾನ್ಸಿನ್‌ನ ಪ್ರಾಧ್ಯಾಪಕ ಬಾರ್ಟನ್ ಮಿಲ್ಲರ್ ಗುಡುಗು ಮಳೆಯ ರಾತ್ರಿ ಮನೆಯಿಂದ ಟೆಲಿಫೋನ್ ಲೈನಿನಲ್ಲಿ ಕೆಲಸ ಮಾಡುತ್ತಿದ್ದಾಗ, ಲೈನಿನ ಗದ್ದಲದಿಂದ ನುಸುಳಿದ ಅಡ್ಡಾದಿಡ್ಡಿ ಅಕ್ಷರಗಳಿಗೆ ಪ್ರೋಗ್ರಾಂಗಳು ಬಿದ್ದುಹೋಗುವುದನ್ನು ಕಂಡರು. ಬೇಕೆಂದೇ ಅಂಥ ಕಸವನ್ನು ಉಣಿಸಿ ನೋಡಿದಾಗ, ಯುನಿಕ್ಸ್‌ನ ದಿನಬಳಕೆಯ ಸಾಧನಗಳಲ್ಲಿ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕುಸಿದವು. ಫಜ್ ಟೆಸ್ಟಿಂಗ್ ಎಂಬ ಈ ವಿಧಾನ ಇಂದು ಭದ್ರತಾ ಪರೀಕ್ಷೆಯ ಬೆನ್ನೆಲುಬು. ಟ್ಯೂರಿಂಗ್ ಬಯಸಿದ ದಾರಿಯೂ ಮುಂದುವರಿಯಿತು: ಮೈಕ್ರೊಸಾಫ್ಟ್‌ನಲ್ಲಿ ಥಾಮಸ್ ಬಾಲ್ ಮತ್ತು, ಮುಂದೆ ಬೆಂಗಳೂರಿನ ಸಂಶೋಧನಾಲಯಕ್ಕೆ ಬಂದ ಶ್ರೀರಾಮ್ ರಾಜಮಣಿ ಕಟ್ಟಿದ ಸ್ಲ್ಯಾಮ್, ಕಂಪ್ಯೂಟರಿಗೆ ಜೋಡಿಸಿದ ಸಾಧನಗಳನ್ನು ನಡೆಸುವ ಡ್ರೈವರ್ ಕೋಡನ್ನು ಓಡಿಸದೆಯೇ ತರ್ಕದಿಂದ ತಪಾಸಣೆ ಮಾಡಿತು.

ನೆನಪು ಮತ್ತು ಪ್ರಶ್ನೆ

2013ರಲ್ಲಿ ಪರೀಕ್ಷೆಗೇ ಮೀಸಲಾದ ಅಂತರರಾಷ್ಟ್ರೀಯ ಮಾನದಂಡ 29119 ಪ್ರಕಟವಾಯಿತು. ಮರುವರ್ಷ ಟೆಸ್ಟರುಗಳಲ್ಲೇ ಒಂದು ಗುಂಪು ಅದನ್ನು ಹಿಂಪಡೆಯಿರೆಂದು ಸಹಿ ಸಂಗ್ರಹಿಸಿತು. ಪ್ರತಿ ಸಂದರ್ಭವೂ ಬೇರೆ, ದಾಖಲೆ ತುಂಬಿಸುವುದರಲ್ಲೇ ದಿನ ಕಳೆದರೆ ಯೋಚಿಸುವ ಹೊತ್ತು ಎಲ್ಲಿ ಎಂಬುದು ಅವರ ವಾದ. ಎರಡು ಕಡೆಯೂ ನಿಜವಿದೆ. ಮಾನದಂಡ ಹಿಂದಿನವರ ಅನುಭವವನ್ನು ಹೊಸಬರ ಕೈಗೆ ದಾಟಿಸುತ್ತದೆ. ಆದರೆ ಮುಂದಿನ ಪ್ರಶ್ನೆ ಕೇಳುವ ಕೆಲಸ ನಮಗೇ ಉಳಿಯುತ್ತದೆ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ಒಂದು ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳನ್ನು ಕೆಡವಿತು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಒಂದು ಕಡೆ 21 ಮೌಲ್ಯಗಳನ್ನು ನಿರೀಕ್ಷಿಸಿದ್ದರೆ ಇನ್ನೊಂದು ಕಡೆ 20 ಮಾತ್ರ ಬರುತ್ತಿದ್ದವು. ಪರೀಕ್ಷೆ ನಡೆದಿತ್ತು, ಆದರೆ ಆ ಪರೀಕ್ಷೆಗಳಲ್ಲಿ 21ನೆಯ ಸ್ಥಾನಕ್ಕೆ ‘ಏನು ಬಂದರೂ ಸರಿ’ ಎಂದು ಬಿಟ್ಟಿದ್ದರು.

ನಮ್ಮ ಭಾಷೆಯಲ್ಲೂ ಇಂಥ ಕೇಳದ ಪ್ರಶ್ನೆಗಳಿವೆ. ‘ಕೃಷ್ಣ’ ಎಂಬ ಹೆಸರು ಕಣ್ಣಿಗೆ ಎರಡು ಅಕ್ಷರ. ಯುನಿಕೋಡ್‌ನಲ್ಲಿ ಅದು ಐದು ಸಂಕೇತ: ಕ, ಋ ಸ್ವರದ ಚಿಹ್ನೆ, ಷ, ಹಲಂತ, ಣ. ಯುಟಿಎಫ್–8ರಲ್ಲಿ 15 ಬೈಟ್. ಅರ್ಜಿಯ ಹೆಸರಿನ ಅಂಕಣಕ್ಕೆ ನಾಲ್ಕು ಸಂಕೇತದ ಮಿತಿಯಿದ್ದರೆ ಉಳಿಯುವುದು ‘ಕೃಷ್’. ಪಟ್ಟಿಯನ್ನು ಸಂಕೇತದ ಸಂಖ್ಯೆಯಂತೆ ಜೋಡಿಸಿದರೆ ‘ಕಳೆ’ ಎಂಬುದು ‘ಕವಿ’ಗಿಂತ ಮೊದಲು ಬರುತ್ತದೆ, ಏಕೆಂದರೆ ಯುನಿಕೋಡ್‌ನಲ್ಲಿ ಳ ಅಕ್ಷರ ವ ಅಕ್ಷರಕ್ಕಿಂತ ಮೊದಲೇ ಇದೆ, ನಮ್ಮ ನಿಘಂಟುಗಳಲ್ಲಾದರೆ ಳ ಬರುವುದು ಹ ಆದ ಮೇಲೆ. ಇಂಗ್ಲಿಷ್ ಹೆಸರುಗಳನ್ನು ಕೊಟ್ಟು ಎಷ್ಟು ಸಾವಿರ ಸಲ ಪರೀಕ್ಷಿಸಿದರೂ ಇವುಗಳಲ್ಲಿ ಒಂದೂ ಸಿಗುವುದಿಲ್ಲ.

ಜಗತ್ತಿನ ಬ್ಯಾಂಕು, ವಿಮಾನ, ಆಸ್ಪತ್ರೆಗಳ ತಂತ್ರಾಂಶವನ್ನು ಐದನೇ ಮೆಟ್ಟಿಲಿನ ಶಿಸ್ತಿನಿಂದ ಜಾಲಾಡಿದ ನಾಡು ನಮ್ಮದು. ಪಹಣಿ ತೆಗೆಸುವ ರೈತನಿಗೂ ಪಿಂಚಣಿಯ ಅರ್ಜಿ ತುಂಬುವ ಅಜ್ಜಿಗೂ ಅದೇ ಶಿಸ್ತು ಸಲ್ಲಬೇಕು. ಅದಕ್ಕೆ ಹೊಸ ಮಾನದಂಡ ಬರುವವರೆಗೆ ಕಾಯಬೇಕಾಗಿಲ್ಲ. ಇಂದು ಟೆಸ್ಟ್ ಕೇಸ್ ಬರೆಯಲು ಕೂತವರು ಹೆಸರಿನ ಜಾಗದಲ್ಲಿ ಮೊದಲು ‘ಕೃಷ್ಣ’ ಎಂದು ಬರೆದು ನೋಡಲಿ.