ನಿಸ್ತಂತು ಸಾಧನಗಳ ಪ್ರಮಾಣೀಕರಣದ ಇತಿಹಾಸ

ಮೊಬೈಲ್ ಫೋನ್, ವೈಫೈ ರೂಟರ್, ಬ್ಲೂಟೂತ್ ಇಯರ್‌ಫೋನ್, ವಾಹನಗಳಲ್ಲಿ ಕೂರಿಸುವ ಟ್ರ್ಯಾಕರ್ ಹೀಗೆ ರೇಡಿಯೊ ಅಲೆ ಹೊರಸೂಸುವ ಸಾಧನಗಳು ಮಾರುಕಟ್ಟೆಗೆ ಬರುವ ಮುನ್ನ ಎರಡು ಬಗೆಯ ಒಪ್ಪಿಗೆ ಬೇಕಾಗಬಹುದು. ಒಂದು ಸರ್ಕಾರದ್ದು. ಸಾಧನ ಬೇರೆಯವರ ಸಂಪರ್ಕಕ್ಕೆ ಅಡ್ಡಿಯಾಗುತ್ತದೆಯೇ, ಬಳಸುವವರಿಗೆ ಅಪಾಯ ತರುತ್ತದೆಯೇ ಎಂಬುದು ಅದರ ಪ್ರಶ್ನೆ. ಇನ್ನೊಂದು, ಮೊಬೈಲ್ ಜಾಲಕ್ಕೆ ಸೇರುವ ಸಾಧನವಾದರೆ, ಆ ಜಾಲ ನಡೆಸುವ ಕಂಪನಿಯದ್ದು. ತನ್ನ ಜಾಲದಲ್ಲಿ ಈ ಸಾಧನ ನೆಟ್ಟಗೆ ಕೆಲಸ ಮಾಡುತ್ತದೆಯೇ ಎಂದು ಅದು ನೋಡುತ್ತದೆ. ಮೊದಲನೆಯದಕ್ಕೆ ಕಾನೂನಿನ ಬಲವಿದೆ, ಎರಡನೆಯದಕ್ಕೆ ವ್ಯಾಪಾರದ ಬಲ. ಜಾಲದ ಬಾಗಿಲು ಕಾಯುವ ಹಕ್ಕು ಯಾರದ್ದು ಎಂಬ ವಾದವೇ ಈ ವಿಷಯದ ಇತಿಹಾಸದುದ್ದಕ್ಕೂ ಕಾಣುತ್ತದೆ.

ವಾದ ಶುರುವಾದದ್ದು ಸಮುದ್ರದ ಮೇಲೆ. 1902ರಲ್ಲಿ ಪ್ರಷ್ಯದ ರಾಜಕುಮಾರ ಹೆನ್ರಿ ಅಮೆರಿಕ ಪ್ರವಾಸ ಮುಗಿಸಿ ಡಾಯ್ಚ್‌ಲಾಂಡ್ ಹಡಗಿನಲ್ಲಿ ಹಿಂತಿರುಗುತ್ತಿದ್ದಾಗ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ ಕೃತಜ್ಞತೆಯ ಸಂದೇಶ ಕಳಿಸಲು ಹೊರಟ. ಹಡಗಿನಲ್ಲಿದ್ದದ್ದು ಜರ್ಮನಿಯ ಉಪಕರಣ, ದಡದಲ್ಲಿದ್ದದ್ದು ಮಾರ್ಕೋನಿ ಕಂಪನಿಯ ಕೇಂದ್ರ. ತನ್ನದಲ್ಲದ ಉಪಕರಣದ ಜತೆ ಮಾತಾಡುವುದಿಲ್ಲವೆಂಬುದು ಆ ಕಂಪನಿಯ ನೀತಿಯಾಗಿತ್ತು, ಸಂದೇಶ ತಲುಪಲಿಲ್ಲ. ಕೆರಳಿದ ಜರ್ಮನಿ 1903ರಲ್ಲಿ ಬರ್ಲಿನ್‌ನಲ್ಲಿ ಪೂರ್ವಭಾವಿ ಸಮ್ಮೇಳನ ಕರೆಯಿತು. 1906ರಲ್ಲಿ ಅಲ್ಲಿಯೇ ಸಹಿಯಾದ ಅಂತರರಾಷ್ಟ್ರೀಯ ಒಪ್ಪಂದವು, ಉಪಕರಣ ಯಾರದ್ದೇ ಆಗಿರಲಿ, ದಡದ ಕೇಂದ್ರಗಳು ಹಡಗುಗಳ ಸಂದೇಶ ಸ್ವೀಕರಿಸಲೇಬೇಕು ಎಂದು ವಿಧಿಸಿತು. ಖಾಸಗಿ ಜಾಲದ ಬಾಗಿಲನ್ನು ಸರ್ಕಾರಗಳು ಕೂಡಿ ತೆರೆಸಿದ ಮೊದಲ ದೊಡ್ಡ ಸಂದರ್ಭವೆಂದು ಇದನ್ನು ಎಣಿಸಬೇಕು.

ಮುಂದಿನ ದಶಕಗಳಲ್ಲಿ ಚಿಂತೆಯೆಲ್ಲ ಅಲೆಗಳ ಗದ್ದಲದ ಬಗ್ಗೆ. ಅಮೆರಿಕ 1927ರಲ್ಲಿ ಫೆಡರಲ್ ರೇಡಿಯೊ ಕಮಿಷನ್ನನ್ನೂ 1934ರಲ್ಲಿ ಅದರ ಜಾಗಕ್ಕೆ ಎಫ್‌ಸಿಸಿಯನ್ನೂ ತಂದಿತು. ಅದೇ 1934ರಲ್ಲಿ, ಯಂತ್ರಗಳಿಂದ ರೇಡಿಯೊಗೆ ಆಗುವ ಅಡಚಣೆಯನ್ನು ಅಳೆಯುವ ವಿಧಾನ ರೂಪಿಸಲು ಸಿಐಎಸ್‌ಪಿಆರ್ ಎಂಬ ಅಂತರರಾಷ್ಟ್ರೀಯ ಸಮಿತಿ ಹುಟ್ಟಿತು. 1938ರಲ್ಲಿ ಎಫ್‌ಸಿಸಿ ಕಡಿಮೆ ಶಕ್ತಿಯ ಸಾಧನಗಳನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟ ನಿಯಮಗಳೇ ಇಂದು ‘ಪಾರ್ಟ್ 15’ ಎಂದು ಹೆಸರಾಗಿವೆ. ಬಳಸುವವನಿಗೆ ಲೈಸೆನ್ಸ್ ಬೇಡ, ಸಾಧನ ಪರೀಕ್ಷೆಯಲ್ಲಿ ಪಾಸಾಗಿದ್ದರೆ ಸಾಕು ಎಂಬ ಈ ತತ್ತ್ವವಿಲ್ಲದೆ ಮನೆಮನೆಯ ವೈಫೈ ಇರುತ್ತಿರಲಿಲ್ಲ. 1985ರ ಮೇ ತಿಂಗಳಲ್ಲಿ ಎಫ್‌ಸಿಸಿ ಎಂಜಿನಿಯರ್ ಮೈಕೆಲ್ ಮಾರ್ಕಸ್ ಅವರ ಒತ್ತಾಸೆಯಿಂದ 902–928 ಮೆಗಾಹರ್ಟ್ಸ್, 2.4 ಗಿಗಾಹರ್ಟ್ಸ್ ಮತ್ತು 5.8 ಗಿಗಾಹರ್ಟ್ಸ್ ಅಲೆಪಟ್ಟಿಗಳು ಈ ರೀತಿ ತೆರೆದುಕೊಂಡವು.

ತಂತಿ ಫೋನಿನ ಲೋಕದಲ್ಲಿ ಪರಿಸ್ಥಿತಿ ಬೇರೆಯೇ ಇತ್ತು. ತನ್ನ ತಂತಿಗೆ ಹೊರಗಿನ ಯಾವ ವಸ್ತುವನ್ನೂ ಸೇರಿಸಬಾರದೆಂದು ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ ಹಟ ಹಿಡಿದಿತ್ತು. ಮಾತು ಪಕ್ಕದವರಿಗೆ ಕೇಳದಿರಲಿ ಎಂದು ರಿಸೀವರಿಗೆ ಸಿಕ್ಕಿಸುವ ಹಷ್-ಎ-ಫೋನ್ ಎಂಬ ಬಟ್ಟಲಿನಂಥ ಮುಚ್ಚಳಕ್ಕೂ ಅದರ ಆಕ್ಷೇಪವಿತ್ತು! 1956ರಲ್ಲಿ ನ್ಯಾಯಾಲಯ ಮುಚ್ಚಳದ ಪರ ನಿಂತಿತು. ಆಮೇಲೆ ಟೆಕ್ಸಸ್‌ನ ಥಾಮಸ್ ಕಾರ್ಟರ್ ತನ್ನ ಕಾರ್ಟರ್‌ಫೋನ್ ತಂದ. ಊರಾಚೆ ಕೆಲಸ ಮಾಡುವವರ ರೇಡಿಯೊವನ್ನು ಮಾಮೂಲಿ ಟೆಲಿಫೋನ್ ರಿಸೀವರಿನ ಮೂಲಕ ಜಾಲಕ್ಕೆ ಸೇರಿಸುತ್ತಿದ್ದ ಸಾಧನ ಅದು. ಜಾಲಕ್ಕೆ ಹಾನಿ ಮಾಡದ ಸಾಧನವನ್ನು ತಡೆಯುವ ಹಕ್ಕು ಕಂಪನಿಗಿಲ್ಲ ಎಂದು 1968ರಲ್ಲಿ ಎಫ್‌ಸಿಸಿ ತೀರ್ಪಿತ್ತಿತು. ಹಾನಿ ಎಂದರೇನು, ಅದನ್ನು ಅಳೆಯುವವರು ಯಾರು ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಉತ್ತರವಾಗಿ 1970ರ ದಶಕದಲ್ಲಿ ಬಂದದ್ದು ಎಫ್‌ಸಿಸಿಯ ‘ಪಾರ್ಟ್ 68’ ನೋಂದಣಿ. ಪ್ರಮಾಣೀಕರಣವೆಂದರೆ ಕಿರಿಕಿರಿಯ ಕಾಗದಪತ್ರವೆಂದೇ ಹಲವರ ಭಾವನೆ. ಇಲ್ಲಿ ಮಾತ್ರ ಅದು ಸಣ್ಣ ತಯಾರಕರ ಪಾಲಿಗೆ ಬಿಡುಗಡೆಯ ಪತ್ರವಾಗಿ ಬಂತು.

ಯುರೋಪಿನಲ್ಲಿ ಅಂಚೆ-ತಂತಿ ಇಲಾಖೆಗಳದ್ದೇ ಏಕಸ್ವಾಮ್ಯ. ಪ್ರತಿ ದೇಶಕ್ಕೂ ಪ್ರತ್ಯೇಕ ಒಪ್ಪಿಗೆ ಬೇಕಿತ್ತು. ಗಡಿ ದಾಟಿದರೂ ನಡೆಯುವ ಫೋನ್ ಬೇಕೆಂದು 1987ರ ಸೆಪ್ಟೆಂಬರ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ 13 ದೇಶಗಳ ಜಾಲ ಕಂಪನಿಗಳು ಜಿಎಸ್‌ಎಂ ಎಂಬ ಮೊಬೈಲ್ ಮಾನಕದ ಒಡಂಬಡಿಕೆಗೆ ಸಹಿ ಹಾಕಿ, ಸೇವೆ ಆರಂಭಿಸಲು 1991ರ ಜುಲೈ 1ರ ಗಡುವು ಇಟ್ಟುಕೊಂಡವು. ಗಡುವಿನ ದಿನವೇ ಫಿನ್ಲೆಂಡ್‌ನಲ್ಲಿ ಮೊದಲ ಕರೆ ಹೋಯಿತು. ಆದರೆ ಅಂಗಡಿಯಲ್ಲಿ ಫೋನ್ ಇಲ್ಲ! ಟವರ್‌ಗಳು ಸಿದ್ಧ, ಸ್ವಿಚ್‌ಗಳು ಸಿದ್ಧ, ಫೋನ್ ಪರೀಕ್ಷಿಸುವ ಯಂತ್ರವ್ಯವಸ್ಥೆ ಮಾತ್ರ ಸಿದ್ಧವಾಗಿರಲಿಲ್ಲ. ಪರೀಕ್ಷೆಯಾಗದ ಫೋನ್ ಮಾರುವಂತಿಲ್ಲ. ಕೊನೆಗೆ ಪರೀಕ್ಷೆಗಳ ಪಟ್ಟಿಯನ್ನು ಮೊಟಕುಗೊಳಿಸಿ ‘ಮಧ್ಯಂತರ ಒಪ್ಪಿಗೆ’ ಎಂಬ ದಾರಿ ಹುಡುಕಿ, 1992ರಲ್ಲಿ ಫೋನ್‌ಗಳನ್ನು ಬಿಟ್ಟರು. ಆ ದಾರಿಯಲ್ಲಿ ಮೊದಲು ಬಂದವುಗಳಲ್ಲಿ ಆರ್ಬಿಟೆಲ್ 901 ಒಂದು. ಅದೇ ವರ್ಷ ಡಿಸೆಂಬರ್ 3ರಂದು ಜಗತ್ತಿನ ಮೊದಲ ಎಸ್‌ಎಂಎಸ್ ಬಂದದ್ದೂ ಆ ಮಾದರಿಯ ಫೋನಿಗೇ.

ಇದಾದ ಎಂಟು ವರ್ಷಕ್ಕೆ ಯುರೋಪ್ ಸಂಪೂರ್ಣ ದಿಕ್ಕು ಬದಲಿಸಿತು. 1999ರಲ್ಲಿ ಹೊರಡಿಸಿ 2000ದ ಏಪ್ರಿಲ್‌ನಿಂದ ಜಾರಿಗೆ ತಂದ ನಿರ್ದೇಶನ ಸರ್ಕಾರಿ ಒಪ್ಪಿಗೆಯ ಪದ್ಧತಿಯನ್ನೇ ಕೈಬಿಟ್ಟು, ‘ನಿಯಮ ಪಾಲಿಸಿದ್ದೇನೆ’ ಎಂದು ತಯಾರಕನೇ ಘೋಷಿಸಿ ಸಿಇ ಗುರುತು ಒತ್ತುವ ಪದ್ಧತಿ ತಂದಿತು. 2014ರ ರೇಡಿಯೊ ಸಾಧನಗಳ ನಿರ್ದೇಶನವೂ ಇದೇ ಜಾಡಿನದು. ಸರ್ಕಾರ ಹಿಂದೆ ಸರಿದ ಜಾಗಕ್ಕೆ ಬಂದವರು ಜಾಲ ಕಂಪನಿಗಳು ಮತ್ತು ತಯಾರಕರು. ಅವರು 1999ರಲ್ಲಿ ಗ್ಲೋಬಲ್ ಸರ್ಟಿಫಿಕೇಷನ್ ಫೋರಂ ಕಟ್ಟಿದರು. ಉತ್ತರ ಅಮೆರಿಕದ ಜಿಎಸ್‌ಎಂ ಕಂಪನಿಗಳು ಅದಕ್ಕೂ ಮುಂಚೆ, 1997ರಲ್ಲಿ, ಪಿಟಿಸಿಆರ್‌ಬಿ ಎಂಬ ಮಂಡಳಿ ಮಾಡಿಕೊಂಡಿದ್ದವು. ಕೃತಕ ಜಾಲದೆದುರು ಸಾವಿರಾರು ಪರೀಕ್ಷೆ ನಡೆಸುವುದರ ಜತೆಗೆ, ಫೋನ್‌ಗಳನ್ನು ಕಾರಿನಲ್ಲಿಟ್ಟುಕೊಂಡು ನಿಜವಾದ ಜಾಲಗಳಲ್ಲಿ ಊರೂರು ಸುತ್ತಿ ಕರೆ ಕಡಿಯುತ್ತದೆಯೇ ಎಂದು ನೋಡುವ ಕೆಲಸವೂ ಗ್ಲೋಬಲ್ ಸರ್ಟಿಫಿಕೇಷನ್ ಫೋರಂನ ಪರೀಕ್ಷೆಗಳಲ್ಲಿ ಸೇರಿದೆ.

ಸ್ವಯಂಘೋಷಣೆಯನ್ನು ನಂಬಬಹುದೇ? 2023ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಎಎನ್‌ಎಫ್‌ಆರ್ ಸಂಸ್ಥೆ ಮಾರುಕಟ್ಟೆಯಿಂದ ಫೋನ್‌ಗಳನ್ನು ಆರಿಸಿ ಪರೀಕ್ಷಿಸಿದಾಗ, ಮೂರು ವರ್ಷದಿಂದ ಮಾರಾಟವಾಗುತ್ತಿದ್ದ ಐಫೋನ್ 12, ಕೈಯಲ್ಲಿ ಹಿಡಿದಾಗ ದೇಹ ಹೀರುವ ರೇಡಿಯೊ ಶಕ್ತಿಯಲ್ಲಿ, ಕಿಲೋಗ್ರಾಂಗೆ 4 ವ್ಯಾಟ್ ಮಿತಿಯ ಎದುರು 5.74 ವ್ಯಾಟ್ ತೋರಿಸಿತು. ಮಾರಾಟ ನಿಂತಿತು, ಆ್ಯಪಲ್ ಸಾಫ್ಟ್‌ವೇರ್ ತಿದ್ದಿದ ಮೇಲೆ ಸರಿಹೋಯಿತು. ಬಾಗಿಲಲ್ಲಿ ತಡೆಯದಿದ್ದರೆ ಸಂತೆಯಲ್ಲಿ ಕಣ್ಣಿಡುವವರು ಬೇಕೇ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ದೇಹ ಎಷ್ಟು ರೇಡಿಯೊ ಶಕ್ತಿ ಹೀರುತ್ತದೆ ಎಂಬ ಈ ಅಳತೆಗೆ ಸಾರ್ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ತಲೆಯಾಕಾರದ ಪೊಳ್ಳು ಅಚ್ಚಿಗೆ, ವಿದ್ಯುತ್ ಗುಣದಲ್ಲಿ ಮಿದುಳಿನ ಅಂಗಾಂಶವನ್ನು ಹೋಲುವ ದ್ರವ ತುಂಬುತ್ತಾರೆ. ಅಚ್ಚಿನ ಕೆನ್ನೆಗೆ ಫೋನ್ ಒತ್ತಿಟ್ಟು, ಅದು ತನ್ನ ಗರಿಷ್ಠ ಶಕ್ತಿಯಲ್ಲಿ ಪ್ರಸಾರ ಮಾಡುವಂತೆ ಮಾಡುತ್ತಾರೆ. ರೋಬೋ ಕೈಯೊಂದು ತೆಳ್ಳಗಿನ ಶೋಧಕವನ್ನು ದ್ರವದೊಳಗೆ ಮಿಲಿಮೀಟರ್ ಲೆಕ್ಕದಲ್ಲಿ ಸರಿಸುತ್ತ ಬಿಂದುಬಿಂದುವಿನ ಕ್ಷೇತ್ರ ಅಳೆಯುತ್ತದೆ. ಅಮೆರಿಕದ ಮಿತಿ 1 ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗ್ರಾಂಗೆ 1.6 ವ್ಯಾಟ್, ಯುರೋಪಿನದು ತಲೆ ಮತ್ತು ಮುಂಡಕ್ಕೆ 10 ಗ್ರಾಂ ಸರಾಸರಿಯಲ್ಲಿ 2 ವ್ಯಾಟ್. ಮೊದಲು ಯುರೋಪಿನ ಮಿತಿಯನ್ನೇ ಪಾಲಿಸುತ್ತಿದ್ದ ಭಾರತ 2012ರ ಸೆಪ್ಟೆಂಬರ್ 1ರಿಂದ ಹೆಚ್ಚು ಬಿಗಿಯಾದ ಅಮೆರಿಕದ ಮಿತಿಗೆ ಬಂತು. ಅದು ಸರಿಯಾದ ನಿರ್ಧಾರ.

ಭಾರತದಲ್ಲಿ ಎಲ್ಲಕ್ಕೂ ಬುಡ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ. ನಿಸ್ತಂತು ಉಪಕರಣ ಬಳಸುವುದಿರಲಿ, ಬಳಿ ಇಟ್ಟುಕೊಳ್ಳಲೂ ಅದರ ಪ್ರಕಾರ ಲೈಸೆನ್ಸ್ ಬೇಕಿತ್ತು. ಮನೆಯ ರೇಡಿಯೊಗೆ ಅಂಚೆ ಕಚೇರಿಯಲ್ಲಿ ವರ್ಷವರ್ಷ ಹಣ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡದ್ದು ಹಿರಿಯರಿಗೆ ನೆನಪಿದ್ದೀತು. ಅಲೆಪಟ್ಟಿಗಳ ಉಸ್ತುವಾರಿಗೆ 1952ರಲ್ಲಿ ಡಬ್ಲ್ಯುಪಿಸಿ ವಿಭಾಗ, ದೂರಸಂಪರ್ಕ ಮಾನಕಗಳಿಗೆ 1991ರಲ್ಲಿ ಟಿಇಸಿ ಸಂಸ್ಥೆ ಬಂದವು. 2.4 ಗಿಗಾಹರ್ಟ್ಸ್ ಪಟ್ಟಿ ಲೈಸೆನ್ಸ್‌ಮುಕ್ತವಾದದ್ದು 2005ರಲ್ಲಿ. ಅಂಥ ಪಟ್ಟಿಗಳ ಸಾಧನಗಳಿಗೆ ಡಬ್ಲ್ಯುಪಿಸಿಯ ಇಟಿಎ ಎಂಬ ಒಪ್ಪಿಗೆ ಸಾಕಾಯಿತು. ಫೋನಿನ ವಿದ್ಯುತ್ ಸುರಕ್ಷೆ ಮಾನಕ ಸಂಸ್ಥೆ ಬಿಐಎಸ್ ಪಾಲಿಗೆ ಬಂತು. 2017ರಲ್ಲಿ ಟೆಲಿಗ್ರಾಫ್ ನಿಯಮಗಳಿಗೆ ತಿದ್ದುಪಡಿ ತಂದು ದೂರಸಂಪರ್ಕ ಉಪಕರಣಗಳ ಕಡ್ಡಾಯ ಪರೀಕ್ಷೆ ವಿಧಿಸಲಾಯಿತು. ಉಪಕರಣದೊಳಗಿನ ಭದ್ರತಾ ಲೋಪಗಳನ್ನು ಪರೀಕ್ಷಿಸುವ ಮಾನಕ ಬರೆಯುವ ಹೊಣೆ ಹೊತ್ತ ರಾಷ್ಟ್ರೀಯ ಸಂಪರ್ಕ ಭದ್ರತಾ ಕೇಂದ್ರ ಬೆಂಗಳೂರಿನಲ್ಲಿದೆ.

ಒಂದೇ ಸಾಧನಕ್ಕೆ ಇಷ್ಟು ದೇಶಗಳ ಒಪ್ಪಿಗೆ ಏಕೆ ಎಂದು ತಯಾರಕರು ಗೊಣಗುವುದುಂಟು. ಕಾರಣ ಅಲೆಗಳ ಹಂಚಿಕೆಯಲ್ಲಿದೆ. ಅಮೆರಿಕದಲ್ಲಿ ಮುಕ್ತವಾದ 902–928 ಮೆಗಾಹರ್ಟ್ಸ್ ಪಟ್ಟಿಯ ಸೆನ್ಸರ್ ಒಂದನ್ನು ತಂದು ಇಲ್ಲಿ ಹಚ್ಚಿದರೆ, 890ರಿಂದ 915ರವರೆಗೆ ಹರಡಿರುವ ಜಿಎಸ್‌ಎಂ ಫೋನ್‌ಗಳ ಪ್ರಸಾರದ ಮೇಲೆ ಬೀಳುತ್ತದೆ. ಭಾರತದಲ್ಲಿ ಅಂಥ ಸಾಧನಗಳಿಗೆ ಕೊಟ್ಟ ಜಾಗ 865ರಿಂದ ಆರಂಭ. ಕೆಲವೊಮ್ಮೆ ಕಾರಣ ಭೌತವಿಜ್ಞಾನದ್ದಲ್ಲ, ರಾಜಕೀಯದ್ದು. ವೈಫೈ ವಿಷಯದಲ್ಲಿ ತನ್ನದೇ ಭದ್ರತಾ ಮಾನಕವನ್ನು ಮುಂದೊತ್ತುತ್ತಿದ್ದ ಚೀನಾದಲ್ಲಿ 2009ರ ಅಕ್ಟೋಬರ್‌ನಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬಂದ ಐಫೋನ್‌ನಲ್ಲಿ ವೈಫೈ ಇರಲೇ ಇಲ್ಲ. ಅಮೆರಿಕ 2022ರಲ್ಲಿ ಹುವಾವೆ, ಜೆಡ್‌ಟಿಇ ಮುಂತಾದವುಗಳ ಹೊಸ ಉಪಕರಣಗಳಿಗೆ ಎಫ್‌ಸಿಸಿ ಒಪ್ಪಿಗೆಯನ್ನೇ ನಿಲ್ಲಿಸಿತು.

ಜಾಲ ಕಂಪನಿಗಳ ಕೈ ಇತ್ತೀಚೆಗೆ ಮತ್ತೆ ಮೇಲಾಗಿದೆ. ಅಮೆರಿಕದ ವೆರೈಝನ್ ತಾನೊಪ್ಪಿದ ಫೋನ್‌ಗಳಿಗಷ್ಟೇ ಸಂಪರ್ಕ ಕೊಡುತ್ತಿತ್ತು. ಕಾರ್ಟರ್‌ಫೋನ್ ತೀರ್ಪಿನ ನೆನಪಿನಲ್ಲೇ ಎಫ್‌ಸಿಸಿ 2008ರ 700 ಮೆಗಾಹರ್ಟ್ಸ್ ಹರಾಜಿನ ಒಂದು ಭಾಗಕ್ಕೆ ಹೊರಗಿನ ಸಾಧನಗಳನ್ನೂ ಸೇರಿಸಿಕೊಳ್ಳಬೇಕೆಂಬ ಷರತ್ತು ಹಾಕಿತು. ಅದನ್ನು ಗೆದ್ದದ್ದು ವೆರೈಝನ್ ಕಂಪನಿಯೇ. ಆದರೆ 4ಜಿ ಮೇಲೆ ಧ್ವನಿ ಕರೆ, ಅಂದರೆ ವೋಲ್ಟೆ, ಬಂದಾಗ ಸಮಸ್ಯೆ ಬೇರೆ ರೂಪ ತಳೆಯಿತು. ವೋಲ್ಟೆ ಸೌಲಭ್ಯವಿದ್ದ ಫೋನಿಗೂ ಆಯಾ ಜಾಲದ ಸೆಟ್ಟಿಂಗ್ ಒಳಗಿಲ್ಲದಿದ್ದರೆ ಕರೆ ಹೋಗದು. 2022ರಲ್ಲಿ 3ಜಿ ಮುಚ್ಚಿದ ಎಟಿ ಅಂಡ್ ಟಿ, ತನ್ನಲ್ಲಿ ನಡೆಯುವ ಫೋನ್‌ಗಳ ಪಟ್ಟಿಯನ್ನೇ ಪ್ರಕಟಿಸಿತು. ಊರಿನಲ್ಲಿ ಕೊಂಡ ಫೋನ್ ಹಿಡಿದು ವಿದೇಶಕ್ಕೆ ಹೋಗಿ ನೆಲೆಸುವ ಕನ್ನಡಿಗರು ಹೊರಡುವ ಮುನ್ನವೇ ಇಂಥ ಪಟ್ಟಿ ನೋಡಿಕೊಳ್ಳುವುದು ಕ್ಷೇಮ.

ಆಸ್ಟ್ರೇಲಿಯದಲ್ಲಿ ಸರ್ಕಾರವೇ ಬಾಗಿಲು ಕಾಯುವ ಕೆಲಸಕ್ಕೆ ಜಾಲ ಕಂಪನಿಗಳನ್ನು ನೇಮಿಸಿತು. 2024ರ ಅಕ್ಟೋಬರ್ 28ರಂದು ಅಲ್ಲಿ ಟೆಲ್‌ಸ್ಟ್ರಾ ಮತ್ತು ಆಪ್ಟಸ್ 3ಜಿ ಮುಚ್ಚಲು ತೊಡಗಿದಾಗ, ತುರ್ತು ಸಂಖ್ಯೆ 000ಕ್ಕೆ ಕರೆ ಮಾಡಲಾರದ ಫೋನ್‌ಗಳಿಗೆ ಸಂಪರ್ಕವನ್ನೇ ಕೊಡಬಾರದೆಂಬ ನಿಯಮ ಬಂತು. ಕೆಲವು ಫೋನ್‌ಗಳಲ್ಲಿ ದಿನನಿತ್ಯದ ಕರೆ 4ಜಿಯಲ್ಲಿ ಹೋಗುತ್ತಿತ್ತು, ತುರ್ತು ಕರೆ ಮಾತ್ರ ಹಳೆಯ 3ಜಿಯನ್ನೇ ಹುಡುಕುತ್ತಿತ್ತು. ಬಳಸುವವರಿಗೆ ಅದು ತಿಳಿಯುವ ದಾರಿಯೇ ಇರಲಿಲ್ಲ. ಅಂಥವನ್ನು ಜಾಲ ಗುರುತಿಸುವುದು ಪ್ರತಿ ಫೋನಿಗೂ ಇರುವ ಐಎಂಇಐ ಸಂಖ್ಯೆಯಿಂದ. ಅದರ ಮೊದಲ ಎಂಟು ಅಂಕಿಗಳು ಫೋನಿನ ಮಾದರಿ ಯಾವುದೆಂದು ಹೇಳುತ್ತವೆ. *#06# ಒತ್ತಿದರೆ ಯಾರೂ ಆ ಸಂಖ್ಯೆಯನ್ನು ನೋಡಿಕೊಳ್ಳಬಹುದು.